ಮಳೆ ಬಂದಿದ್ದರೆ...

ಹನೂರಿನ ಕಡೆಯ ಬೆದ್ದಲು ಹೊಲದ ಬದುವಿನ ಮೇಲೆ ಕುಳಿತ ರೈತನು ವರ್ಷದಲ್ಲಿ ಮೂರು ಬಗೆಯ ಮಾತುಗಳನ್ನಾಡುತ್ತಾನೆ. ಅವನ ಮಾತನ್ನು ಗ್ರಂಥದ ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ. ಬಿತ್ತನೆಗೆ ಮುಂಚೆ, ‘ಮಳೆ ಬಂದರೆ ರಾಗಿ ಆಗುತ್ತದೆ.’ ಮೋಡ ಕವಿದು ಗಾಳಿ ತಿರುಗಿದಾಗ, ‘ಮಳೆ ಬಂದೀತು.’ ಕಾಲ ಮೀರಿ ಪೈರು ಒಣಗಿದ ಮೇಲೆ, ‘ಮಳೆ ಬಂದಿದ್ದರೆ ರಾಗಿ ಆಗುತ್ತಿತ್ತು.’ ಮೊದಲನೆಯದು ನಿಬಂಧನೆ, ಎರಡನೆಯದು ಊಹೆ, ಮೂರನೆಯದು ನಿಟ್ಟುಸಿರು. ಧಾತುವಾದರೋ ಒಂದೇ. ಅದರ ಬಾಲ ಬದಲಾದ ಹಾಗೆ ಮನುಷ್ಯನ ಮನಃಸ್ಥಿತಿಯೂ ಬದಲಾಗುತ್ತದೆ.

‘ಬಂದರೆ’ ಎಂಬುದನ್ನು ಪಕ್ಷಾರ್ಥವೆಂದು ಕರೆಯುವುದುಂಟು. ಇದರಲ್ಲಿ ಒಂದು ಸೋಜಿಗವಿದೆ. ಮಳೆ ಇನ್ನೂ ಬಂದಿಲ್ಲ. ಆದರೂ ಮಾತಿನಲ್ಲಿರುವುದು ‘ಬಂದ’ ಎಂಬ ಭೂತಕಾಲದ ರೂಪ! ಯೋಚಿಸಿದರೆ ಕಾರಣ ಹೊಳೆಯುತ್ತದೆ. ರಾಗಿ ಆಗಬೇಕಾದರೆ ಅದಕ್ಕೆ ಮುಂಚೆ ಮಳೆ ಬಂದು ಮುಗಿದಿರಬೇಕಷ್ಟೆ. ಆ ಮುಂಚಿನತನವನ್ನೇ ಭಾಷೆ ಭೂತರೂಪದಿಂದ ಸೂಚಿಸುತ್ತದೆ. ಹಳಗನ್ನಡದಲ್ಲಿ ಇದು ‘ಬಂದೊಡೆ’ ಆಗಿತ್ತು. ವಚನಕಾರರಲ್ಲಿ ‘ಬಂದಡೆ’ ಆಯಿತು. ಇಂದು ‘ಬಂದರೆ’ ಆಗಿದೆ. ಕೊಳ್ಳೇಗಾಲದ ಸೀಮೆಯ ಆಡುನುಡಿಯಲ್ಲಿ ಕೊನೆಯ ಎಕಾರವೂ ಸಡಿಲಿ ‘ಬಂದ್ರ’ ಎಂದು ಕೇಳಿಬರುತ್ತದೆ. ನಾನು ಬಂದರೆ, ನೀನು ಬಂದರೆ, ಅವರು ಬಂದರೆ ಎಂದು ಯಾರಿಗೆ ಹೇಳಿದರೂ ರೂಪ ಒಂದೇ. ನಿಬಂಧನೆಯ ಮುಂದೆ ಅರಸನಿಗೂ ಆಳಿಗೂ ಭೇದವಿಲ್ಲ.

ಈ ಸೀಮೆಯ ಕಿವಿಗೆ ಇನ್ನೊಂದು ಭಾಷೆಯ ಪಕ್ಷಾರ್ಥವೂ ಅಪರಿಚಿತವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲವು ಇಂಗ್ಲಿಷರ ಪಾಲಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಕೆಲವೇ ಮೈಲಿಗಳಾಚೆಯ ಯಳಂದೂರು ಮಾತ್ರ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ದೊರೆತು ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರುವವರೆಗೆ ಅಲ್ಲಿನ ಕನ್ನಡಿಗರಿಗೆ ಜಿಲ್ಲೆಯ ಮುಖ್ಯ ಸ್ಥಳವು ತಮಿಳು ನಾಡಿನಲ್ಲಿತ್ತು. ತಮಿಳಿನಲ್ಲಿ ‘ಬಂದರೆ’ ಎನ್ನಲು ‘ವಂದಾಲ್’ ಎನ್ನುತ್ತಾರೆ. ಅಲ್ಲಿಯೂ ಭೂತರೂಪದ ಮೇಲೆಯೇ ಪ್ರತ್ಯಯ! ಅಕ್ಕತಂಗಿಯರ ಮುಖಸಾಮ್ಯವೆಂದರೆ ಇದೇ. ಆದರೆ ಆಗದೆ ಹೋದ ಬೆಳೆಯ ಮಾತು ಬಂದಾಗ ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ತಮಿಳು ‘ವಿಳೈಂದಿರುಕ್ಕುಂ’ ಎಂದು, ‘ಇರು’ ಧಾತುವನ್ನು ಭವಿಷ್ಯದ ರೂಪದಲ್ಲಿಟ್ಟು ವಾಕ್ಯ ಮುಗಿಸುತ್ತದೆ. ಕನ್ನಡವು ಅದೇ ‘ಇರು’ ಧಾತುವಿನ ಭೂತರೂಪವನ್ನು ಬಳಸಿ ‘ಆಗುತ್ತ ಇತ್ತು’, ಅಂದರೆ ‘ಆಗುತ್ತಿತ್ತು’ ಎನ್ನುತ್ತದೆ.

ಕನ್ನಡದ ಈ ಉಪಾಯಕ್ಕೆ ಜೊತೆಗಾರರು ಎಲ್ಲಿದ್ದಾರೆಂದು ಹುಡುಕಿದರೆ ಸ್ಪೇನ್ ದೇಶದವರೆಗೆ ಹೋಗಬೇಕಾಗುತ್ತದೆ. ಸ್ಪ್ಯಾನಿಷಿನಲ್ಲಿ ‘ಅಬ್ಲಾರ್’ ಎಂದರೆ ಮಾತನಾಡುವುದು, ‘ಕೊಮೆರ್’ ಎಂದರೆ ತಿನ್ನುವುದು. ಇಂತಹ ಇಡೀ ಪದಕ್ಕೆ ‘ಈಅ’ ಸೇರಿಸಿದರೆ ‘ಅಬ್ಲರೀಅ’, ‘ಕೊಮೆರೀಅ’ ಎಂದಾಗಿ ‘ಮಾತನಾಡುತ್ತಿದ್ದೆ’, ‘ತಿನ್ನುತ್ತಿದ್ದೆ’ ಎಂಬ ಅರ್ಥ ಬರುತ್ತದೆ. ಅದೂ ‘ಹಾಗಾಗಿದ್ದರೆ’ ಎಂಬ ಷರತ್ತಿನೊಡನೆ. ನಾನು, ನೀನು, ನಾವು ಎಂಬುದಕ್ಕೆ ತಕ್ಕಂತೆ ಬಾಲ ಮಾತ್ರ ಈಅ, ಈಅಸ್, ಈಅಮೊಸ್ ಎಂದು ಬದಲಾಗುತ್ತದೆ. ಹಠಮಾರಿ ಧಾತುಗಳು ಹತ್ತು ಹನ್ನೆರಡುಂಟು: ‘ತೆನೆರ್’ ಎಂಬುದು ‘ತೆಂದ್ರೀಅ’ ಆಗುತ್ತದೆ, ‘ಅಸೆರ್’ ಎಂಬುದು ‘ಅರೀಅ’ ಆಗುತ್ತದೆ. ‘ಸಿ ತುವಿಯೆರ ದಿನೆರೊ, ಕೊಂಪ್ರರೀಅ ಉನ ಕಾಸ’ ಎಂದು ಅಲ್ಲಿನ ಸಂಸಾರವಂದಿಗನು ಹೇಳಿದರೆ, ‘ದುಡ್ಡಿದ್ದಿದ್ದರೆ ಒಂದು ಮನೆ ಕೊಳ್ಳುತ್ತಿದ್ದೆ’ ಎಂದರ್ಥ. ಈ ಮಾತು ಯಾವ ಊರಿನಲ್ಲಿ ತಾನೆ ಕೇಳಿಸದು?

ಈ ‘ಈಅ’ ಬಂದದ್ದು ಲ್ಯಾಟಿನ್ನಿನ ‘ಹೊಂದಿತ್ತು’ ಎಂಬ ಸಹಾಯಕ ಕ್ರಿಯಾಪದದಿಂದ. ಅದು ಸವೆದು ಮುಖ್ಯಪದಕ್ಕೆ ಅಂಟಿಕೊಂಡಿತು. ಕನ್ನಡದ ‘ಇತ್ತು’ ‘ಆಗುತ್ತ’ಕ್ಕೆ ಅಂಟಿಕೊಂಡದ್ದೂ ಹಾಗೆಯೇ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಎರಡು ಜನಾಂಗಗಳು, ನಡೆಯದ ಸಂಗತಿಯನ್ನು ಹೇಳಲು ಭೂತಕಾಲದ ಸಹಾಯಕ ಪದವನ್ನೇ ಕರೆದುಕೊಂಡವು. ವಿನಯಕ್ಕೂ ಎರಡು ಕಡೆ ಅದೇ ರೂಪ. ಸ್ಪೇನಿನವನು ಸಹಾಯ ಕೇಳುವಾಗ ‘ಪೊದ್ರೀಅ’ ಎಂದು ಆರಂಭಿಸುತ್ತಾನೆ. ಕನ್ನಡಿಗನು ‘ತಾವು ಒಂದು ಮಾತು ಹೇಳಿದರೆ ಉಪಕಾರವಾಗುತ್ತಿತ್ತು’ ಎನ್ನುತ್ತಾನೆ. ಬೇಡಿಕೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರೆ ಕೇಳಿಸಿಕೊಳ್ಳುವವನಿಗೆ ಉಸಿರಾಡಲು ಎಡೆ ದೊರೆಯುತ್ತದೆ.

ಎಲ್ಲಿ ಹಿಂದೆ ಸರಿಯಬಾರದೋ ಅಲ್ಲಿಯೂ ವ್ಯಾಕರಣ ಎಚ್ಚರವಾಗಿರುತ್ತದೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಹರಕೆ ಹೊತ್ತ ತಾಯಿಯ ಮಾತನ್ನು ಗಮನಿಸಬೇಕು. ‘ಮಗುವಿನ ಜ್ವರ ಬಿಟ್ಟರೆ ಬೆಟ್ಟಕ್ಕೆ ಬರುತ್ತೇನೆ, ಮಾದಪ್ಪ’ ಎನ್ನುತ್ತಾಳೆ. ‘ಬಂದೇನು’ ಎನ್ನುವುದಿಲ್ಲ, ‘ಬರುತ್ತಿದ್ದೆ’ ಎನ್ನುವುದಂತೂ ಇಲ್ಲವೇ ಇಲ್ಲ. ‘ಬಂದೇನು’ ಎಂದರೆ ದೇವರೊಡನೆ ಚೌಕಾಸಿ ಮಾಡಿದಂತೆ. ‘ಬರುತ್ತಿದ್ದೆ’ ಎಂದರೆ ಮಗುವಿನ ಆಸೆಯನ್ನೇ ಬಿಟ್ಟಂತೆ. ಯಾವ ಪಾಠಶಾಲೆಯ ಮೆಟ್ಟಿಲು ಹತ್ತದವಳೂ ಇಲ್ಲಿ ತಪ್ಪುವುದಿಲ್ಲ.

ಆದರೆ ಈ ಭಂಡಾರದಿಂದ ಒಂದು ಒಡವೆ ಮೆಲ್ಲಮೆಲ್ಲನೆ ಜಾರುತ್ತಿದೆ. ಬಂದೇನು, ಬಂದೀಯೆ, ಬಂದಾನು, ಬಂದಾಳು, ಬಂದಾರು, ಬಂದೀತು ಎಂಬ ಸಂಭಾವನಾರ್ಥಕ ರೂಪಗಳನ್ನು ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ನಗರದ ಮನೆಗಳಲ್ಲಿ ‘ಬರಬಹುದು’ ಎಂಬ ಒಂದೇ ಮಾತು ಎಲ್ಲದರ ಸ್ಥಾನವನ್ನೂ ಆಕ್ರಮಿಸಿದೆ. ನಷ್ಟವೇನೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಬಾವಿಯ ಕಟ್ಟೆಯನ್ನೇರಿದ ಮಗುವಿಗೆ ಅಜ್ಜಿಯು ‘ಬಿದ್ದೀಯೆ, ಜೋಕೆ!’ ಎಂದು ಕೂಗುತ್ತಾಳೆ. ಆ ‘ಬಿದ್ದೀಯೆ’ಯಲ್ಲಿ ಊಹೆಯಿದೆ, ಭಯವಿದೆ, ಚಾಚಿದ ಕೈಯಿದೆ. ‘ನೀನು ಬೀಳಬಹುದು’ ಎಂಬುದೋ ಬರಿಯ ವರದಿ. ಅದು ‘ಬೀಳಲು ಅಪ್ಪಣೆಯಿದೆ’ ಎಂದೂ ಕೇಳಿಸೀತು!

ವ್ಯಾಕರಣವು ಪುಸ್ತಕದಲ್ಲಿ ಉಳಿಯುವುದಿಲ್ಲ, ಜಗುಲಿಯಲ್ಲಿ, ಅಡಿಗೆಮನೆಯಲ್ಲಿ ಉಳಿಯುತ್ತದೆ. ಹಿರಿಯರು ದಿನಕ್ಕೊಮ್ಮೆಯಾದರೂ ‘ಅಪ್ಪ ಈಗ ಬಂದಾರು’, ‘ಹಾಲು ಉಕ್ಕೀತು’ ಎಂದು ಮಕ್ಕಳ ಕಿವಿಗೆ ಬೀಳುವಂತೆ ಆಡಿದರೆ ಆ ಒಡವೆ ಮನೆಯಲ್ಲಿಯೇ ಉಳಿದೀತು. ಇಲ್ಲವಾದರೆ ಮುಂದೊಂದು ದಿನ, ‘ಆಗ ಆಡಿದ್ದರೆ ಉಳಿಯುತ್ತಿತ್ತು’ ಎಂದು, ಒಣಗಿದ ಪೈರಿನ ಮುಂದೆ ನಿಂತ ರೈತನ ಮೂರನೆಯ ವಾಕ್ಯವನ್ನೇ ಆಡಬೇಕಾದೀತು.