ಮಹಾನಗರದಲ್ಲಿ ಊರಿನ ಅಂಗಡಿ

ಉದ್ಯೋಗಕ್ಕಾಗಿ ಸಾಸ್ತಾನದಂತಹ ಊರುಗಳಿಂದ ಬೆಂಗಳೂರಿಗೆ ತೆರಳಿದವರು ಬಾಡಿಗೆ ಮನೆ ಹಿಡಿದ ಬಳಿಕ ವಿಚಾರಿಸುವ ಮೊದಲ ಸಂಗತಿ, ಹತ್ತಿರದಲ್ಲಿ ‘ಮಂಗಳೂರು ಸ್ಟೋರ್ಸ್’ ಇದೆಯೇ ಎಂಬುದು.

ಈ ಹೆಸರಿನ ಅಂಗಡಿಗಳು ನಗರದ ಅನೇಕ ಬಡಾವಣೆಗಳಲ್ಲಿವೆ. ಇವು ಒಂದೇ ಸಂಸ್ಥೆಯ ಶಾಖೆಗಳಲ್ಲ. ಕರಾವಳಿಯ ಸರಕು ಮಾರುವ ಬೇರೆ ಬೇರೆ ಮಾಲೀಕರ ಸಣ್ಣ ಮಳಿಗೆಗಳು. ಇಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಪುನರ್ಪುಳಿ ದೊರೆಯುತ್ತವೆ. ಕಾಲಕ್ಕೆ ತಕ್ಕಂತೆ, 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಮಟ್ಟುಗುಳ್ಳವೂ ಬರುತ್ತದೆ. ಭತ್ತವನ್ನು ಬೇಯಿಸಿ, ಒಣಗಿಸಿ ಮಾಡಿದ ಕುಚ್ಚಲಕ್ಕಿಯ ಗಂಜಿಗೆ ಒಗ್ಗಿದವರಿಗೆ ಬೆಳ್ತಿಗೆ ಅನ್ನ ಊಟವೆನಿಸುವುದಿಲ್ಲ.

ಆದರೆ ಸರಕಿಗಿಂತ ಮಿಗಿಲಾದುದು ಮಾತು. ‘ಹ್ವಾಯ್, ಎಂತ ಬೇಕ್?’ ಎಂಬ ಕುಂದಾಪ್ರ ಕನ್ನಡದ ಒಂದು ಪ್ರಶ್ನೆ ಅಪರಿಚಿತನನ್ನು ಊರವನನ್ನಾಗಿಸುತ್ತದೆ. ಬಾಡಿಗೆ ಕೋಣೆ, ಊರಿನ ಬಸ್ಸು, ಮಳೆಯ ಸುದ್ದಿ ಎಲ್ಲವೂ ಅಲ್ಲಿಯೇ ತಿಳಿಯುತ್ತವೆ.

ಈ ಪರಂಪರೆಗೆ ಶತಮಾನದ ಹಿನ್ನೆಲೆಯಿದೆ. ಸಾಸ್ತಾನಕ್ಕೆ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಣ್ಣ ಉಪಾಹಾರ ಗೃಹವೇ ಮುಂದೆ ಎಂಟಿಆರ್ ಎಂದು ಹೆಸರಾಯಿತು. ಪರವೂರಿಗೆ ಹೋದ ಕರಾವಳಿಗರ ಅಡುಗೆ ಆ ನಗರದವರದೇ ರುಚಿಯಾಯಿತು.

ಇಂದು ಕುಚ್ಚಲಕ್ಕಿ ಮೊಬೈಲ್ ಆ್ಯಪ್‌ಗಳಲ್ಲಿಯೂ ಲಭ್ಯ. ನಿಮಿಷಗಳಲ್ಲಿ ಮನೆ ಬಾಗಿಲಿಗೆ ಬರುತ್ತದೆ. ತಂದುಕೊಟ್ಟವನಿಗೆ ಗ್ರಾಹಕ ಒಂದು ವಿಳಾಸ ಮಾತ್ರ. ಏರುವ ಬಾಡಿಗೆಯ ನಡುವೆ ಸಣ್ಣ ಅಂಗಡಿ ಉಳಿಯಬೇಕಾದರೆ ಗಿರಾಕಿ ಅಲ್ಲಿಗೆ ಹೋಗಬೇಕು. ಅದು ಮುಚ್ಚಿದರೆ ಅಕ್ಕಿ ಬೇರೆಡೆ ಸಿಕ್ಕೀತು, ‘ಊರಲ್ಲಿ ಎಲ್ಲ ಸೌಖ್ಯವೇ?’ ಎಂದು ಕೇಳುವವರು ಸಿಗಲಾರರು.