ಕತ್ತಲ ಕಡಲಿನ ಬೆಳಕು

ಅಜ್ಞಾತವನ್ನು ಕಾಣಲು ಬಹುದೂರ ಹೋಗಬೇಕಿಲ್ಲ. ಕೆಲವು ವರ್ಷ ನಮ್ಮ ಬೈತಖೋಲದ ಧಕ್ಕೆಯಲ್ಲಿ ಕತ್ತಲ ಇರುಳು ನಿಂತರೆ, ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು ಚಿಮ್ಮುವುದನ್ನು ಕಾಣಬಹುದು.

ದಕ್ಷಿಣ ಅಮೇರಿಕೆಯ ಲಾ ಪ್ಲಾಟಾದ ಬಳಿ ಇಂತಹ ಕಡಲನ್ನು ಕಂಡು ಡಾರ್ವಿನ್ನನು ಬೆರಗಾದನು. ಕೊಳೆಯುವ ಜೈವಿಕ ಕಣಗಳೇ ಇದಕ್ಕೆ ಕಾರಣವೆಂದು ಅವನು ಊಹಿಸಿದನು. ಅದೊಂದು ಬಗೆಯ ಉಸಿರಾಟವೆನ್ನಲೂ ಅವನಿಗೆ ಮನಸ್ಸಾಯಿತು. ಮೊದಲನೆಯ ಊಹೆ ತಪ್ಪಾಯಿತು; ಎರಡನೆಯದು, ವಿಚಿತ್ರವೆಂದರೆ, ಸತ್ಯದ ಸಮೀಪಕ್ಕೇ ಹೋಗಿತ್ತು. ನಾಕ್ಟಿಲುಕವೆಂಬ ಏಕಕೋಶ ಜೀವಿ ಸಾಸಿವೆಗಿಂತಲೂ ಚಿಕ್ಕದು. ನೀರು ಕಲಕಿದೊಡನೆ ಅದರೊಳಗಿನ ಲೂಸಿಫೆರಿನ್ ಎಂಬ ದ್ರವ್ಯವು ಲೂಸಿಫರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡುತ್ತದೆ. ಆಗ ಬೆಳಕು ಹೊಮ್ಮುತ್ತದೆ. ಹೊಳೆಯುವುದು ಸತ್ತದ್ದಲ್ಲ, ಬದುಕಿರುವುದು.

ಕವಿಯ ಹುಡುಕಾಟ ಬೇರೆ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದಿದ್ದ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಕಾರವಾರದಲ್ಲಿಯೇ ಬರೆದರು. ಲೋಕವನ್ನು ತೊರೆದು ಅನಂತವನ್ನು ಅರಸಿದ ಸನ್ಯಾಸಿಯನ್ನು ಅನಾಥ ಬಾಲಿಕೆಯ ಅಕ್ಕರೆ ಅದರಲ್ಲಿ ಮರಳಿ ಲೋಕಕ್ಕೆ ಎಳೆಯುತ್ತದೆ.

ಧಕ್ಕೆಯವರ ಪ್ರಶ್ನೆ ಇನ್ನೂ ಹತ್ತಿರದ್ದು: ಈ ಬೆಳಕು ಬಂದರೆ ಮೀನಿನ ಗತಿಯೇನು? ಬರಿದಾದ ಬಲೆಯೆಳೆದವರಿಗೆ ನೀಲಿಯ ಸೊಬಗು ಎಷ್ಟರದು! ನಾಕ್ಟಿಲುಕವು ಮೀನಿನ ಮೊಟ್ಟೆಗಳನ್ನೂ ನುಂಗುತ್ತದೆ. ದಟ್ಟವಾಗಿ ಹಬ್ಬಿದಲ್ಲಿ ನೀರಿನಲ್ಲಿ ಅಮೋನಿಯಾ ಹೆಚ್ಚಿ ಮೀನುಗಳು ದೂರ ಸರಿಯಬಹುದು.