ಕೈಯುಗುರುಗಳ ಆರೈಕೆ

ಕೈಯುಗುರುಗಳ ಆರೈಕೆ ಎಂದರೆ ನೈಸರ್ಗಿಕ ಉಗುರುಗಳನ್ನು ಮನೆಯಲ್ಲಿಯೇ ಸ್ವಚ್ಛವಾಗಿ, ಗಿಡ್ಡವಾಗಿ, ಒಡೆಯದಂತೆ ಮತ್ತು ಸೋಂಕು ತಗುಲದಂತೆ ಕಾಪಾಡಿಕೊಳ್ಳುವ ಕ್ರಮ. ಇದನ್ನು ಸಾಮಾನ್ಯವಾಗಿ ಸೌಂದರ್ಯದ ವಿಷಯವೆಂದು ಭಾವಿಸಲಾಗುತ್ತದೆ. ಆದರೆ ಕೈಗಳಿಂದಲೇ ದುಡಿಮೆ ನಡೆಯುವ ಪ್ರದೇಶಗಳಲ್ಲಿ ಇದು ಆರೋಗ್ಯದ ವಿಷಯವೂ ಹೌದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಇದಕ್ಕೆ ಉತ್ತಮ ನಿದರ್ಶನ. ಇಲ್ಲಿನ ತಂಬಾಕು, ಕಬ್ಬು, ಅರಿಸಿನ, ಹೈನುಗಾರಿಕೆ ಹಾಗೂ ಚರ್ಮದ ಕೆಲಸಗಳು ಉಗುರಿನ ಮೇಲೆ ನೇರ ಪರಿಣಾಮ ಬೀರುತ್ತವೆ.

ಉಗುರಿನ ರಚನೆ ಮತ್ತು ಬೆಳವಣಿಗೆ

ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಗಟ್ಟಿ ಫಲಕ. ಕಣ್ಣಿಗೆ ಕಾಣುವ ಈ ಫಲಕವು ನಿರ್ಜೀವ ಜೀವಕೋಶಗಳಿಂದ ಕೂಡಿದೆ. ಬೆಳವಣಿಗೆ ನಡೆಯುವುದು ಬುಡದ ಚರ್ಮದ ಒಳಗಿರುವ ಜೀವಂತ ಭಾಗದಲ್ಲಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಒಂದು ಉಗುರು ಪೂರ್ತಿಯಾಗಿ ಹೊಸದಾಗಲು ಸುಮಾರು 6 ತಿಂಗಳು ಬೇಕು. ಆದ್ದರಿಂದ ಇಂದು ಆರಂಭಿಸಿದ ಆರೈಕೆಯ ಫಲ ಕಾಣಲು ತಿಂಗಳುಗಳೇ ಹಿಡಿಯುತ್ತವೆ.

ಉಗುರಿನ ಬುಡದಲ್ಲಿ ಚರ್ಮ ಮತ್ತು ಫಲಕವನ್ನು ಬೆಸೆಯುವ ತೆಳುಪೊರೆಯನ್ನು ಕ್ಯೂಟಿಕಲ್ ಎನ್ನುತ್ತಾರೆ. ಇದು ನೀರು, ಸೂಕ್ಷ್ಮಾಣು ಮತ್ತು ಶಿಲೀಂಧ್ರಗಳು ಒಳಸೇರದಂತೆ ತಡೆಯುತ್ತದೆ. ಮನೆಯ ಆರೈಕೆಯಲ್ಲಿ ಅತ್ಯಂತ ಮುಖ್ಯವಾದುದು ಈ ಪೊರೆಯನ್ನು ಉಳಿಸಿಕೊಳ್ಳುವುದು. ಅದನ್ನು ಕತ್ತರಿಸುವುದು, ಒತ್ತಿ ಹಿಂದಕ್ಕೆ ತಳ್ಳುವುದು ಅಥವಾ ಹಲ್ಲಿನಿಂದ ಕೀಳುವುದು ಸೋಂಕಿಗೆ ದಾರಿ ಮಾಡಿಕೊಡುತ್ತದೆ.

ಸ್ಥಳೀಯ ಉದ್ಯೋಗಗಳು ಮತ್ತು ಉಗುರು

ನಿಪ್ಪಾಣಿ ತಂಬಾಕಿನ ಮಾರುಕಟ್ಟೆಗೆ ಮತ್ತು ಬೀಡಿ ಉದ್ಯಮಕ್ಕೆ ಹೆಸರಾದ ಪಟ್ಟಣ. ಬೀಡಿ ಕಟ್ಟುವ ಕೆಲಸದಲ್ಲಿ ಮಹಿಳೆಯರೇ ಹೆಚ್ಚು. ಎಲೆಗಳು ಮಡಚಲು ಬರುವಂತೆ ಅವುಗಳನ್ನು ಮೊದಲು ನೀರಿನಲ್ಲಿ ನೆನೆಸಲಾಗುತ್ತದೆ. ಅನಂತರ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ತುದಿಗಳನ್ನು ಮಡಚಿ ದಾರ ಕಟ್ಟುತ್ತಾರೆ. ಇದರಿಂದ ಬೆರಳ ತುದಿಗಳು ತೇವ, ಒತ್ತಡ ಮತ್ತು ತಂಬಾಕಿನ ಪುಡಿ ಮೂರಕ್ಕೂ ಒಡ್ಡಿಕೊಳ್ಳುತ್ತವೆ. ಉಗುರಿನ ಸಂದಿಯಲ್ಲಿ ಉಳಿದ ಪುಡಿಯು ಊಟದ ಮೂಲಕ ಹೊಟ್ಟೆಗೆ ಹೋಗಬಹುದು; ಮನೆಯಲ್ಲಿಯೇ ಬೀಡಿ ಕಟ್ಟುವವರ ಮಕ್ಕಳಿಗೂ ಇದು ತಲುಪಬಹುದು. ತಂಬಾಕಿನ ನಿಕೋಟಿನ್ ಅಂಶವು ಒದ್ದೆ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಆದ್ದರಿಂದ ಅಡುಗೆಗೆ, ಊಟಕ್ಕೆ ಮತ್ತು ಮಗುವಿಗೆ ಹಾಲುಣಿಸುವ ಮುನ್ನ ಉಗುರಿನ ಸಂದಿಯನ್ನು ಸಾಬೂನಿನಿಂದ ತೊಳೆಯುವುದು ಅವಶ್ಯಕ.

ಕೃಷ್ಣಾ ಮತ್ತು ದೂಧಗಂಗಾ ನದಿಗಳ ದಡದ ಊರುಗಳಲ್ಲಿ ಕಬ್ಬು ಪ್ರಮುಖ ಬೆಳೆ. ಕಬ್ಬಿನ ರವದಿ ಸುಲಿಯುವಾಗ ಉಗುರಿನ ಅಂಚಿನ ಚರ್ಮ ಸೀಳುವುದುಂಟು. ಹಾಲು ಕರೆಯುವವರ ಮತ್ತು ಪಾತ್ರೆ ತೊಳೆಯುವವರ ಕೈಗಳು ದಿನವೂ ಬಹಳ ಹೊತ್ತು ಒದ್ದೆಯಾಗಿರುತ್ತವೆ. ಉಗುರು ನೀರನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದು ಮತ್ತೆ ಮತ್ತೆ ನಡೆದಾಗ ಉಗುರು ಪದರ ಪದರವಾಗಿ ಬಿಡುತ್ತದೆ.

ಅಥಣಿ ಮತ್ತು ನಿಪ್ಪಾಣಿ ಭಾಗದ ಕುಶಲಕರ್ಮಿಗಳು ಕೊಲ್ಹಾಪುರಿ ಚಪ್ಪಲಿ ತಯಾರಿಸುತ್ತಾರೆ. ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದ್ದು, ಬೆಳಗಾವಿ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿದೆ. ಚರ್ಮ ಹದಮಾಡಲು ಜಾಲಿ ತೊಗಟೆ ಮತ್ತು ಅಳಲೆಕಾಯಿ ಬಳಸುವುದರಿಂದ ಉಗುರಿಗೆ ಕಂದು ಬಣ್ಣ ಹತ್ತುತ್ತದೆ. ಅರಿಸಿನದ ಹಳದಿ ಬಣ್ಣ ಬಿಸಿಲಿಗೆ ಮಾಸುತ್ತದೆ. ಮದರಂಗಿಯ ಬಣ್ಣ ಉಗುರಿನ ಕೆರಾಟಿನ್‌ಗೆ ಅಂಟುವುದರಿಂದ ಉಗುರು ಬೆಳೆದು ಕತ್ತರಿಸಲ್ಪಡುವವರೆಗೂ ಉಳಿಯುತ್ತದೆ. ಇಂತಹ ಕಲೆಗಳು ರೋಗವಲ್ಲ. ಅವುಗಳನ್ನು ತೆಗೆಯಲು ಉಗುರನ್ನು ಬ್ಲೇಡಿನಿಂದ ಹೆರೆಯಬಾರದು.

ಮನೆಯಲ್ಲಿ ಆರೈಕೆಯ ಕ್ರಮ

* ಸ್ನಾನದ ನಂತರ ಉಗುರು ಮೃದುವಾಗಿರುವಾಗ ನೇಲ್ ಕಟರ್‌ನಿಂದ ನೇರವಾಗಿ ಕತ್ತರಿಸಿ, ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಬೇಕು. ತೀರ ಬುಡಕ್ಕೆ ಕತ್ತರಿಸಬಾರದು.
* ಉಜ್ಜುವಾಗ ಒಂದೇ ದಿಕ್ಕಿನಲ್ಲಿ ಉಜ್ಜಬೇಕು.
* ನೇಲ್ ಕಟರ್ ಅನ್ನು ಸಾಬೂನಿನಿಂದ ತೊಳೆದು ಒಣಗಿಸಬೇಕು. ಸೋಂಕು ಇದ್ದವರದನ್ನು ಇತರರು ಬಳಸಬಾರದು.
* ನೀರಿನ ಕೆಲಸ ಮುಗಿದೊಡನೆ ಬೆರಳುಗಳ ಬುಡ ಮತ್ತು ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಬೇಕು.
* ಪಾತ್ರೆ ತೊಳೆಯುವಾಗ ಮತ್ತು ಔಷಧಿ ಸಿಂಪಡಿಸುವಾಗ ಕೈಗವಸು ಧರಿಸಬೇಕು. ಅದರ ಒಳಭಾಗ ಒದ್ದೆಯಾದರೆ ಬದಲಾಯಿಸಬೇಕು.
* ಉಗುರು ಕಚ್ಚುವ ಅಭ್ಯಾಸವನ್ನು ಬಿಡಬೇಕು. ಮಕ್ಕಳಲ್ಲಿ ಜಂತುಹುಳುವಿನ ಮೊಟ್ಟೆಗಳು ಉಗುರಿನ ಸಂದಿಯಿಂದ ಬಾಯಿಗೆ ಸೇರುತ್ತವೆ.

ಆರೋಗ್ಯ ಸಿಬ್ಬಂದಿಯ ನೈಸರ್ಗಿಕ ಉಗುರಿನ ತುದಿ 0.5 ಸೆಂಟಿಮೀಟರಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದೆ. ಅಡುಗೆ ಮಾಡುವವರಿಗೂ ಈ ಅಳತೆ ಉಪಯುಕ್ತ.

ನಂಬಿಕೆಗಳು ಮತ್ತು ಮನೆಮದ್ದು

ದೀಪ ಹಚ್ಚಿದ ಮೇಲೆ ಮತ್ತು ಮಂಗಳವಾರ, ಶುಕ್ರವಾರಗಳಂದು ಉಗುರು ಕತ್ತರಿಸಬಾರದೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಉಗುರಿನ ಆರೋಗ್ಯಕ್ಕೂ ವಾರಕ್ಕೂ ಸಂಬಂಧವಿಲ್ಲ. ಆದರೆ ಮಂದ ಬೆಳಕಿನಲ್ಲಿ ಕತ್ತರಿಸಿದರೆ ಗಾಯವಾಗುವ ಸಂಭವವಿದೆ.

ಉಗುರಿನ ಸುತ್ತ ಕೆಂಪಾಗಿ, ಬಾತು, ಕೀವು ತುಂಬುವ ಸೋಂಕಿಗೆ ಉಗುರುಸುತ್ತು ಎಂದು ಹೆಸರು. ಇದಕ್ಕೆ ನಿಂಬೆಹಣ್ಣಿಗೆ ರಂಧ್ರ ಮಾಡಿ ಬೆರಳಿಗೆ ತೊಡಿಸುವ ರೂಢಿಯಿದೆ. ನಿಂಬೆಯ ಆಮ್ಲವು ಗಾಯವಾದ ಚರ್ಮವನ್ನು ಕೆರಳಿಸುತ್ತದೆಯೇ ಹೊರತು ಒಳಗಿನ ಕೀವನ್ನು ತೆಗೆಯುವುದಿಲ್ಲ. ಆರಂಭದಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಬೆರಳನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟು, ಅನಂತರ ಪೂರ್ತಿ ಒಣಗಿಸುವುದು ಸಹಕಾರಿ. ಕೀವು ಕಂಡರೆ, ಜ್ವರ ಬಂದರೆ ಅಥವಾ ಮಧುಮೇಹವಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೀವನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚಿ ತೆಗೆಯಬಾರದು.

ಆಹಾರ

ಕಬ್ಬಿಣಾಂಶದ ಕೊರತೆಯಲ್ಲಿ ಉಗುರು ತೆಳುವಾಗಿ, ಚಮಚದಂತೆ ನಡುವೆ ತಗ್ಗಾಗಬಹುದು. ಸೊಪ್ಪು, ಕಾಳು ಮತ್ತು ರೊಟ್ಟಿಯ ಊಟದೊಂದಿಗೆ ನಿಂಬೆರಸ ಸೇವಿಸಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದೊಡನೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಉಗುರಿನ ಮೇಲಿನ ಸಣ್ಣ ಬಿಳಿ ಚುಕ್ಕೆಗಳು ಕ್ಯಾಲ್ಸಿಯಂ ಕೊರತೆಯ ಗುರುತೆಂಬುದು ತಪ್ಪು ತಿಳಿವಳಿಕೆ. ಅವು ಬಹುತೇಕ ಹಿಂದೆ ಬಿದ್ದ ಸಣ್ಣ ಪೆಟ್ಟಿನ ಗುರುತುಗಳು.

ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

* ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಪಟ್ಟಿ. ಇದು ಅಪರೂಪಕ್ಕೆ ಚರ್ಮದ ಕ್ಯಾನ್ಸರಿನ ಲಕ್ಷಣವಾಗಿರಬಹುದು.
* ಉಗುರು ದಪ್ಪವಾಗಿ, ಹಳದಿಯಾಗಿ, ಪುಡಿಯಾಗುವುದು. ಇದು ಶಿಲೀಂಧ್ರ ಸೋಂಕಾಗಿರಬಹುದು.
* ಬೆರಳ ತುದಿ ಉಬ್ಬಿ ಉಗುರು ಗುಮ್ಮಟದಂತೆ ಬಾಗುವುದು. ಇದು ಶ್ವಾಸಕೋಶ ಅಥವಾ ಹೃದಯದ ಕಾಯಿಲೆಯಲ್ಲಿ ಕಾಣಬಹುದು.
* ಉಗುರುಗಳು ಬಿಳಿಚಿಕೊಂಡು, ಆಯಾಸ ಮತ್ತು ಏದುಸಿರು ಇರುವುದು; ಇದು ರಕ್ತಹೀನತೆಯನ್ನು ಸೂಚಿಸಬಹುದು.

ಇಂತಹ ಬದಲಾವಣೆಗಳನ್ನು ಬಣ್ಣ ಅಥವಾ ಮದರಂಗಿ ಮರೆಮಾಡುತ್ತದೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ಉಗುರುಬಣ್ಣವನ್ನು ತೆಗೆದು ಹೋಗುವುದು ಸೂಕ್ತ. ಮದರಂಗಿ ಹಚ್ಚುವ ಹಬ್ಬಗಳಲ್ಲಿ ಒಂದೆರಡು ಉಗುರುಗಳನ್ನು ಹಾಗೆಯೇ ಬಿಟ್ಟರೆ ಅವುಗಳ ಸಹಜ ಬಣ್ಣವನ್ನು ಗಮನಿಸಲು ಸಾಧ್ಯವಾಗುತ್ತದೆ.